ಸಿಝಡ್ 452: ಒಂದೇ ಕಾರ್ಖಾನೆಯ ಲಕ್ಸ್ ಮತ್ತು ಅಮೆರಿಕನ್ ಮಾದರಿಗಳು

ಹೊರದೇಶಕ್ಕೆ ಹೋಗುವ ಸರಕು ಒಳನಾಡಿನಲ್ಲಿ ಉಳಿಯುವುದಕ್ಕಿಂತ ಒಂದು ಕೈ ಮೇಲು ಎಂಬ ನಂಬಿಕೆ ನಮ್ಮವರಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಚೌಕಾಸಿ ನಿಂತುಹೋಗುತ್ತದೆ. ರೈಫಲ್ ಬಳಸುವವರ ನಡುವೆ ಇದೇ ನಂಬಿಕೆ ತಿರುಗುಮುರುಗಾಗಿ ಕೇಳಿಬರುವುದುಂಟು: ಒಳ್ಳೆಯ ನಳಿಗೆಗಳನ್ನು ಕಾರ್ಖಾನೆಯವರು ತಮ್ಮವರಿಗೆ ಎತ್ತಿಟ್ಟುಕೊಂಡು, ಮಿಕ್ಕಿದ್ದನ್ನು ಹಡಗು ಹತ್ತಿಸುತ್ತಾರಂತೆ. ಜೆಕ್ ಗಣರಾಜ್ಯದ ಸಿಝಡ್ 452 ಎಂಬ, .22 ಎಲ್‌ಆರ್ ಎನ್ನುವ ಸಣ್ಣ ತೋಟಾ ಹಾರಿಸುವ, ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದ ಹಿಂದೆಮುಂದೆ ಸರಿಸಬೇಕಾದ ಬೋಲ್ಟ್ ಆಕ್ಷನ್ ರೈಫಲಿನ ಎರಡು ಮಾದರಿಗಳನ್ನು ಬೇರೆ ಬೇರೆ ದೇಶಗಳಲ್ಲಿ ವರ್ಷಗಟ್ಟಲೆ ಬಳಸಿದ ಬಳಿಕ ಈ ಎರಡೂ ಮಾತುಗಳು ಹುಸಿ ಎಂದು ನನಗೆ ಖಚಿತವಾಗಿದೆ. ವ್ಯತ್ಯಾಸ ಇರುವುದು ನಿಜ. ಆದರೆ ಅದು ಉಕ್ಕಿನಲ್ಲಿಲ್ಲ, ಕೋವಿಗೆ ನಾವು ಕೆನ್ನೆ ಆನಿಸುವ ಜಾಗದಲ್ಲಿದೆ.

452 ತಯಾರಾದದ್ದು ಉಹೆರ್‌ಸ್ಕಿ ಬ್ರೊಡ್ ಎಂಬ ಪಟ್ಟಣದಲ್ಲಿ 1936ರಲ್ಲಿ ಆರಂಭವಾದ ಚೆಸ್ಕಾ ಝ್ಬ್ರೊಯೋವ್ಕಾ ಕಾರ್ಖಾನೆಯಲ್ಲಿ. ನಳಿಗೆ ಬದಲಿಸಬಹುದಾದ 455 ಎಂಬ ಹೊಸ ರೈಫಲ್ ಬಂದ ಮೇಲೆ 452ರ ತಯಾರಿಕೆ ನಿಂತಿತು. ಆದ್ದರಿಂದ ಇಂದು ಕೊಳ್ಳುವವರಿಗೆ ಸಿಗುವುದು ಬಹುಮಟ್ಟಿಗೆ ಬಳಸಿದ ಕೋವಿಗಳೇ. ಈ ಸಾಲಿನಲ್ಲಿ ‘ಲಕ್ಸ್’ ಎಂಬುದು ಮಧ್ಯ ಯುರೋಪಿನ ಅಭಿರುಚಿಗೆ ಹೊಂದಿಸಿದ ಮಾದರಿ. ‘ಅಮೆರಿಕನ್’ ಎಂಬುದು ಹೆಸರೇ ಹೇಳುವಂತೆ ಅಟ್ಲಾಂಟಿಕ್‌ನ ಆಚೆಯ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಲಕ್ಸ್ ಕೂಡ ಅಮೆರಿಕದಲ್ಲಿ ಮಾರಾಟವಾಗಿದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹೀಗಾಗಿ ಇಲ್ಲಿ ‘ಸ್ವದೇಶಿ’, ‘ರಫ್ತು’ ಎನ್ನುವಾಗ ಕೋವಿ ಎಲ್ಲಿ ಮಾರಾಟವಾಯಿತು ಎಂಬುದಕ್ಕಿಂತ ಯಾರಿಗಾಗಿ ರೂಪುಗೊಂಡಿತು ಎಂಬುದನ್ನೇ ಗಮನಿಸಿದ್ದೇನೆ.

ಕೆಲಸದ ಮೇಲೆ ಜೆಕ್ ಗಣರಾಜ್ಯದ ಬ್ರ್ನೊ ನಗರದಲ್ಲಿದ್ದಾಗ ಶೂಟಿಂಗ್ ಕ್ಲಬ್ಬಿನ ಲಕ್ಸ್ ಒಂದು ಸುಮಾರು ಎರಡು ವರ್ಷ ನನ್ನ ಕೈಯಲ್ಲಿತ್ತು. ಮುಂದೆ ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ ಅಮೆರಿಕನ್ ಮಾದರಿಯೊಂದನ್ನು ಬಳಸಿದ ಸ್ಥಿತಿಯಲ್ಲಿ ಕೊಂಡೆ. ಇಲ್ಲಿನ ಕ್ಲಬ್ಬಿನ ಹಿರಿಯರೊಬ್ಬರ ಬಳಿ ಲಕ್ಸ್ ಇದ್ದುದರಿಂದ ಎರಡನ್ನೂ ಒಂದೇ ಮೇಜಿನ ಮೇಲೆ ಮಲಗಿಸಿ ನೋಡುವ ಅವಕಾಶವೂ ಒದಗಿತು.

ಹಾಗೆ ಮಲಗಿಸಿದಾಗ ಮೊದಲು ಕಣ್ಣಿಗೆ ಹೊಡೆಯುವುದು ಮರದ ಹಿಡಿಯ ರೇಖೆ. ಲಕ್ಸ್‌ನ ಹಿಡಿಯ ಮೇಲಂಚು ಬವೇರಿಯಾದ ಬೇಟೆಗಾರರ ಕೋವಿಗಳಲ್ಲಿರುವಂತೆ ಗೂನು ಬೆನ್ನಿನ ಹಾಗೆ ನಡುವೆ ಉಬ್ಬಿ, ಭುಜದ ಕಡೆಗೆ ಸಾಗುತ್ತ ತಗ್ಗುತ್ತದೆ. ಅಮೆರಿಕನ್ ಹಿಡಿಯ ಮೇಲಂಚು ಗೆರೆ ಎಳೆದಂತೆ ನೇರವಾಗಿದೆ. ಫೋಟೋದಲ್ಲಿ ನೋಡಿದವರಿಗೆ ಇದು ಬರೀ ಅಲಂಕಾರದ ವಿಷಯವೆನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಆಮೇಲೆ ಕಣ್ಣು ತೆರೆದರೆ ನಿಜಸಂಗತಿ ತಿಳಿಯುತ್ತದೆ. ಲಕ್ಸ್‌ನಲ್ಲಿ ಕಣ್ಣು ನೇರವಾಗಿ ಗುರಿ ಹಿಡಿಯಲು ನಳಿಗೆಯ ಮೇಲಿರುವ ಹಿಂದಿನ ಸೈಟಿನ ಕಚ್ಚಿನೊಳಗೆ ಬಂದು ಕೂರುತ್ತದೆ. ಅಮೆರಿಕನ್ ಮಾದರಿಯಲ್ಲಿ ಕಣ್ಣು ಅದಕ್ಕಿಂತ ಮೇಲೆ, ಸ್ಕೋಪಿನ (ಗುರಿ ಹಿಡಿಯುವ ದೂರದರ್ಶಕದ) ಗಾಜು ಇರಬೇಕಾದ ಎತ್ತರದಲ್ಲಿ ನಿಲ್ಲುತ್ತದೆ.

ಈ ಒಂದು ಸಂಗತಿ ಅರ್ಥವಾದರೆ ಉಳಿದ ವ್ಯತ್ಯಾಸಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಲಕ್ಸ್‌ನ ನಳಿಗೆಯ ಮೇಲೆ 25ರಿಂದ 200 ಮೀಟರಿನವರೆಗೆ ಗುರುತು ಹಾಕಿದ, ಜಾರಿಸಿ ಏರಿಸಬಹುದಾದ ಹಿಂದಿನ ಸೈಟೂ, ತುದಿಯಲ್ಲಿ ಮುಚ್ಚಿಗೆಯುಳ್ಳ ಮುಂದಿನ ಸೈಟೂ ಇವೆ. ಅಮೆರಿಕನ್ ನಳಿಗೆ ಬೋಳು. ಲಕ್ಸ್‌ನ ನಳಿಗೆ ಸುಮಾರು 630 ಮಿ.ಮೀ. ಉದ್ದವಿದ್ದರೆ ಅಮೆರಿಕನ್‌ನದು ಸುಮಾರು 570 ಮಿ.ಮೀ. ಉದ್ದ ನಳಿಗೆಯಿಂದ ಗುಂಡಿಗೆ ವೇಗ ಹೆಚ್ಚು ಎಂಬ ಲೆಕ್ಕಾಚಾರ .22 ಎಲ್‌ಆರ್ ತೋಟಾಕ್ಕೆ ಒಗ್ಗುವುದಿಲ್ಲ. ಅದರಲ್ಲಿರುವ ಮದ್ದು ಅತ್ಯಲ್ಪ, ಸುಮಾರು 400 ಮಿ.ಮೀ. ದಾಟುವಷ್ಟರಲ್ಲಿ ಅದರ ಕಸುವು ಬಹುಪಾಲು ತೀರಿಹೋಗಿರುತ್ತದೆ. ಹಾಗಿದ್ದರೆ ಆ ಹೆಚ್ಚುವರಿ 60 ಮಿ.ಮೀ. ಏತಕ್ಕೆ? ಎರಡು ಸೈಟುಗಳ ನಡುವಿನ ಅಂತರ ಹೆಚ್ಚಿದಷ್ಟೂ ಗುರಿಯಲ್ಲಿ ಆಗುವ ಸಣ್ಣ ತಪ್ಪು ಕಣ್ಣಿಗೆ ಬೇಗ ಸಿಕ್ಕಿಬೀಳುತ್ತದೆ ಎಂಬುದಕ್ಕಾಗಿ. ಸ್ಕೋಪ್ ಹಾಕುವವನಿಗೆ ಈ ಅಂತರದಿಂದ ಯಾವ ಪ್ರಯೋಜನವೂ ಇಲ್ಲದ ಕಾರಣ, ಆತನ ಕೋವಿಯನ್ನು ಕತ್ತರಿಸಿ ಚಿಕ್ಕದಾಗಿಸಿದ್ದಾರೆ, ಅಷ್ಟೆ.

ಇನ್ನು ಈ ಎರಡು ಮಾದರಿಗಳ ಉದ್ದೇಶವನ್ನು ಅದಲುಬದಲು ಮಾಡಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ಹಿರಿಯರ ಲಕ್ಸ್‌ಗೆ ನನ್ನ ಸ್ಕೋಪನ್ನು ಏರಿಸಿದಾಗ, ಬೋಲ್ಟಿನ ಹಿಡಿಕೆ ಮೇಲೆದ್ದಾಗ ತಗಲಬಾರದು, ಹಿಂದಿನ ಸೈಟಿಗೂ ಗಾಜಿನ ಅಂಚು ಮುಟ್ಟಬಾರದು ಎಂದು ಸ್ಕೋಪನ್ನು ಹಿಡಿದಿಡುವ ರಿಂಗುಗಳಲ್ಲಿ ಎತ್ತರದವನ್ನೇ ಹಾಕಬೇಕಾಯಿತು. ಅದಾದ ಮೇಲೆ ಕೆನ್ನೆ ಮರವನ್ನು ಬಿಟ್ಟು ಮೇಲೆದ್ದಿತು, ಗಲ್ಲವಷ್ಟೇ ಹಿಡಿಗೆ ತಾಗುತ್ತಿತ್ತು. ಹತ್ತು ಈಡು ಹೊಡೆಯುವಷ್ಟರಲ್ಲಿ ಕುತ್ತಿಗೆಯ ನರ ಬಿಗಿದು, ಹನ್ನೊಂದನೆಯದಕ್ಕೆ ತಲೆ ತಾನಾಗಿಯೇ ಜಾಗ ಬದಲಿಸಿತು. ಆದರೂ ಸಾವಧಾನವಾಗಿ, ಮರಳು ಚೀಲದ ಮೇಲಿಟ್ಟು, ಒಂದೇ ಪೆಟ್ಟಿಗೆಯ ತೋಟಾಗಳಿಂದ 50 ಮೀಟರಿನಲ್ಲಿ ಐದೈದು ಈಡು ಹೊಡೆದಾಗ ಎರಡೂ ಕೋವಿಗಳ ಗುಂಪು, ಅಂದರೆ ಗುಂಡುಗಳು ಬಿದ್ದ ತೂತುಗಳ ಹರಹು, 15 ಮಿ.ಮೀ.ಗೆ ಒಂದಿಷ್ಟು ಆಚೀಚೆ ಬಂತು. ಒಮ್ಮೆ ಇದು ಮೇಲಾದರೆ ಇನ್ನೊಮ್ಮೆ ಅದು. ಆ ಏರಿಳಿತಕ್ಕೆ ಕಾರಣ ನನ್ನ ಉಸಿರಾಟವೇ ಹೊರತು ನಳಿಗೆಯಲ್ಲ.

ಗುಣಮಟ್ಟದ ಮಾತಿಗೆ ಬರೋಣ. ಜೆಕ್ ಗಣರಾಜ್ಯ ಸಿಐಪಿ ಎಂಬ, ಕೋವಿಗಳ ಸುರಕ್ಷತಾ ಪರೀಕ್ಷೆಯ ಅಂತರರಾಷ್ಟ್ರೀಯ ಒಪ್ಪಂದದ ಸದಸ್ಯ ರಾಷ್ಟ್ರ. ಹೀಗಾಗಿ ಹೆಚ್ಚು ಒತ್ತಡದ ಪರೀಕ್ಷಾ ತೋಟಾವನ್ನು ಹಾರಿಸಿ ಮುದ್ರೆ ಒತ್ತಿಸಿಕೊಂಡ ಮೇಲೆಯೇ ಕೋವಿ ಮಾರಾಟಕ್ಕೆ ಹೊರಡಬೇಕು. ಅಮೆರಿಕ ಈ ಒಪ್ಪಂದದಲ್ಲಿಲ್ಲ, ಅಲ್ಲಿನ ಕಾನೂನು ಇಂಥ ಮುದ್ರೆಯನ್ನು ಕೇಳುವುದೂ ಇಲ್ಲ. ಹಾಗಿದ್ದರೂ ನನ್ನ ಅಮೆರಿಕನ್ ಮಾದರಿಯ ಮೇಲೆ ಜೆಕ್ ಪರೀಕ್ಷಾಲಯದ ಮುದ್ರೆಯೂ ಇಸವಿಯ ಕೊನೆಯ ಎರಡು ಅಂಕಿಗಳೂ ಬ್ರ್ನೊದಲ್ಲಿ ನೋಡಿದ ಕೋವಿಯಲ್ಲಿದ್ದಂತೆಯೇ ಇವೆ. ಹೆಚ್ಚಿಗೆ ಇರುವುದು ಕಾನ್ಸಾಸ್ ಸಿಟಿಯ ಹೆಸರು ಹೊತ್ತ ಒಂದು ಸಾಲು. 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಆಮದುದಾರನ ಹೆಸರು, ಊರು, ರಾಜ್ಯಗಳನ್ನು ಕೋವಿಯ ಲೋಹದ ಮೇಲೆಯೇ ಕೆತ್ತಬೇಕು. ಹಿರಿಯರ ಲಕ್ಸ್‌ನ ಮೇಲೂ ಆ ಸಾಲು ಇತ್ತು. ನುಣುಪಾದ ಕಪ್ಪು ಉಕ್ಕಿನ ಮೇಲೆ ವಿಳಾಸ ಕೆತ್ತುವುದು ನನಗೇನೂ ಚಂದ ಕಾಣುವುದಿಲ್ಲ. ಸುಂಕದ ಕಟ್ಟೆಯವರಿಗೆ ಚಂದದ ಗೊಡವೆಯೂ ಇಲ್ಲ.

ಕೊಳ್ಳುವವರು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಸ್ಕೋಪ್ ಕೂರಿಸುವ ಗಾಡಿಯ (ರಿಂಗು ಕಚ್ಚಿಕೊಳ್ಳಲು ಉಕ್ಕಿನ ಮೈಯ ಮೇಲೆ ಕಡೆದ, ಇಳಿಜಾರು ಅಂಚಿನ ಹಳಿಯ) ವಿಷಯದಲ್ಲಿ. ಅಮೆರಿಕದ ಬಹಳಷ್ಟು .22 ಕೋವಿಗಳಲ್ಲಿ ಈ ಗಾಡಿಯ ಅಗಲ ಒಂದು ಅಂಗುಲದ ಎಂಟನೇ ಮೂರು ಭಾಗ, ಅಂದರೆ ಸುಮಾರು 9.5 ಮಿ.ಮೀ. ಸಿಝಡ್ 452ರಲ್ಲಿ, ಅದು ಅಮೆರಿಕನ್ ಎಂಬ ಹೆಸರು ಹೊತ್ತಿದ್ದರೂ, 11 ಮಿ.ಮೀ. ಗಾಡಿಯೇ ಇದೆ. ಹಿಡಿಯ ಆಕಾರವನ್ನು ಬದಲಿಸಿದವರು ಇದನ್ನೇಕೆ ಹಾಗೆಯೇ ಬಿಟ್ಟರೆಂದರೆ, ಹಿಡಿಯನ್ನು ಬದಲಿಸಲು ಮರ ಸಾಕು, ಗಾಡಿಯನ್ನು ಬದಲಿಸಲು ಇಡೀ ಉಕ್ಕಿನ ಮೈಯನ್ನೇ ಬೇರೆಯಾಗಿ ಕಡೆಯಬೇಕು. ‘ಯಾವ .22ಗಾದರೂ ಹೊಂದುತ್ತದೆ’ ಎಂದು ಅಂಗಡಿಯವನೊಬ್ಬ ಕೊಟ್ಟ ರಿಂಗುಗಳನ್ನು ನಾನು ನಂಬಿ ಬಿಗಿದೆ. ನೋಡಲು ಸರಿಯಾಗಿ ಕಚ್ಚಿಕೊಂಡಂತೆಯೇ ಇತ್ತು. ನಲವತ್ತು ಈಡು ಆಗುವಷ್ಟರಲ್ಲಿ ಗುಂಪು ಎಡಕ್ಕೆ ಸರಿಯತೊಡಗಿತು. ತೋಟಾವನ್ನು ಬೈದೆ, ಗಾಳಿಯನ್ನು ಬೈದೆ. ಕೊನೆಗೆ ಬಿಚ್ಚಿ ನೋಡಿದರೆ ರಿಂಗಿನ ದವಡೆ ಗಾಡಿಯ ಇಳಿಜಾರಿನ ಮೇಲೆ ಪೂರ್ತಿ ಕೂರದೆ ಅಂಚನ್ನಷ್ಟೇ ಹಿಡಿದಿತ್ತು. ಕಪ್ಪು ಬಣ್ಣ ಕಿತ್ತು, ಉಗುರಿನ ಗೀರಿನಷ್ಟು ಬೆಳ್ಳಗಿನ ಗೆರೆ ಎದ್ದಿತ್ತು. 11 ಮಿ.ಮೀ. ಎಂದು ಸ್ಪಷ್ಟವಾಗಿ ನಮೂದಿಸಿದ ರಿಂಗು ತಂದ ಮೇಲೆ ಸಮಸ್ಯೆ ಮರುಕಳಿಸಲಿಲ್ಲ, ಆ ಗೀರು ಮಾತ್ರ ಇನ್ನೂ ಇದೆ.

ಎರಡೂ ಮಾದರಿಗಳಿಗೆ ಸಮಾನವಾದ ಇನ್ನೊಂದು ಸಂಗತಿ ಸೇಫ್ಟಿ. ಬೋಲ್ಟಿನ ಬಾಲದಲ್ಲಿರುವ ಸನ್ನೆಯನ್ನು ಮುಂದಕ್ಕೆ ತಳ್ಳಿದರೆ ಕೋವಿ ಸುರಕ್ಷಿತ, ಹಿಂದಕ್ಕೆ ಎಳೆದರೆ ಈಡಿಗೆ ಸಿದ್ಧ. ಅಮೆರಿಕದ ಸಾಮಾನ್ಯ ರೈಫಲುಗಳಲ್ಲಿ ಇದು ಸರಿಯಾಗಿ ಉಲ್ಟಾ. ಬ್ರ್ನೊದಲ್ಲಿ ಇದರ ಮೇಲೆಯೇ ಕಲಿತ ನನ್ನ ಹೆಬ್ಬೆರಳಿಗೆ ತೊಂದರೆಯಾಗಲಿಲ್ಲ. ಆದರೆ ನನ್ನ ಕೋವಿ ಹಿಡಿಯಲು ಬರುವ ಪ್ರತಿಯೊಬ್ಬರಿಗೂ ತೋಟಾ ತುಂಬುವ ಮೊದಲು ಇದನ್ನು ಎರಡು ಸಲ ಹೇಳುತ್ತೇನೆ, ಅವರಿಂದ ಒಂದು ಸಲ ಮಾಡಿಸಿಯೂ ನೋಡುತ್ತೇನೆ. ರಫ್ತಿನ ಮಾದರಿಯಲ್ಲಿ ಮರವನ್ನು ಬದಲಿಸುವುದಕ್ಕಿಂತ ಮೊದಲು ಬದಲಿಸಬೇಕಾಗಿದ್ದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಮುಂದೆ ಬಂದ 457ರಲ್ಲಿ ಸನ್ನೆಯನ್ನು ಮುಂದಕ್ಕೆ ತಳ್ಳಿದರೆ ಈಡು ಎಂಬ ಕ್ರಮವನ್ನೇ ತಂದರು. ಬೋಲ್ಟಿನ ತಿರುವನ್ನೂ 60 ಡಿಗ್ರಿಗೆ ಇಳಿಸಿ, ಸ್ಕೋಪನ್ನು ತಗ್ಗಿನಲ್ಲಿ ಕೂರಿಸಲು ಅನುಕೂಲ ಮಾಡಿದರು.

ಸೈಲೆನ್ಸರ್ ಬೇಕೆನ್ನುವವರು ನಳಿಗೆಯ ತುದಿಯ ಮರೆಯನ್ನೂ (ಸೈಲೆನ್ಸರನ್ನು ತಿರುಗಿಸಿ ಕೂರಿಸುವ ತಿರುಪಿನ ಎಳೆಗಳನ್ನೂ) ವಿಚಾರಿಸಬೇಕು. ಬ್ರಿಟನ್ನಿನಲ್ಲಿ .22 ಕೋವಿಗೆ ಅರ್ಧ ಅಂಗುಲ ವ್ಯಾಸದ, ಅಂಗುಲಕ್ಕೆ 20 ಎಳೆಯ ಮರೆ ರೂಢಿ. ಅಮೆರಿಕದಲ್ಲಿ ಅರ್ಧ ಅಂಗುಲ, 28 ಎಳೆಯದು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಬಲವಂತ ಮಾಡಿದರೆ ಎರಡೂ ಹಾಳು. ನನ್ನ ಅಮೆರಿಕನ್ ಮಾದರಿಗೆ ಮರೆಯೇ ಇಲ್ಲ.

ತೆರೆದ ಸೈಟಿನಲ್ಲಿ ಹೊಡೆಯುವ ಮನಸ್ಸಿದ್ದರೆ ಎರಡನೆಯ ಯೋಚನೆ ಮಾಡದೆ ಲಕ್ಸ್ ಕೊಳ್ಳಿರಿ. ಆ ಕೆಲಸಕ್ಕೆ ಅಷ್ಟು ಚೆನ್ನಾಗಿ ಕೂರುವ ಹಿಡಿಯನ್ನು ನಾನು ಬೇರೆ .22ರಲ್ಲಿ ಕಂಡಿಲ್ಲ. ಕನ್ನಡಕ ಬಂದ ಮೇಲೆ ಮುಂದಿನ ಸೈಟು ಮಸುಕಾಗಿ ಕಾಣುವ ನನ್ನಂಥವರಿಗೆ ಅಮೆರಿಕನ್ ಮಾದರಿಯೇ ಸರಿ. ಹಿರಿಯರು ತಮ್ಮ ಲಕ್ಸ್‌ಗೆ ನನ್ನ ಕೋವಿಯನ್ನು ವಿನಿಮಯ ಮಾಡಿಕೊಳ್ಳುತ್ತೀಯಾ ಎಂದು ಎರಡು ಬಾರಿ ಕೇಳಿದ್ದಾರೆ. ಅವರಿಗೀಗ ಎಪ್ಪತ್ತು ದಾಟಿದೆ, ಸ್ಕೋಪ್ ಬೇಕಾಗಿದೆ. ನಾನು ಇನ್ನೂ ಒಪ್ಪಿಲ್ಲ.