ದಾವಣಗೆರೆಯಲ್ಲಿ ವಾಟರ್ ಫಿಲ್ಟರ್ ಸರ್ವಿಸ್: ಮೊದಲು ಟಿಡಿಎಸ್ ನೋಡಿಸಿ

ನಾವಿರುವುದು ವಿದ್ಯಾನಗರದಲ್ಲಿ. ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಬೋರ್ ನೀರೇ ಜಾಸ್ತಿ, ಅದೂ ಬಕೆಟ್ಟಿನಲ್ಲಿ ಬಿಳಿ ಕಲೆ ಕೂರುವಷ್ಟು ಗಡಸು. ಕಳೆದ ತಿಂಗಳು ಆರ್‌ಓ ಫಿಲ್ಟರಿನಿಂದ ನೀರು ಸಣ್ಣಗೆ ಬರತೊಡಗಿತು. ಕಂಪನಿಯಿಂದ ಬಂದ ಹುಡುಗ ಮುಚ್ಚಳ ಕೂಡ ತೆಗೆಯದೆ, ಮೆಂಬ್ರೇನ್ (ಉಪ್ಪಿನಂಶ ತಡೆಯುವ ಒಳಗಿನ ಪೊರೆ) ಹೋಗಿದೆ, 3200 ರೂಪಾಯಿ ಆಗುತ್ತದೆ ಎಂದ. ತುಂಬಾ ಬೇಸರವಾಯಿತು.

ಆಮೇಲೆ ನಮ್ಮ ಬೀದಿಯ ಸಣ್ಣ ಅಂಗಡಿಯವರನ್ನು ಕರೆದೆವು. ಎರಡು ದಿನ ತಡವಾಗಿ ಬಂದರು, ಅದೊಂದೇ ಕೊರತೆ. ಆದರೆ ಬಂದ ಕೂಡಲೇ ಮೀಟರ್ ಇಟ್ಟು ಟಿಡಿಎಸ್, ಅಂದರೆ ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೋರಿಸಿದರು: ಒಳಗೆ ಹೋಗುವ ನೀರು 940, ಹೊರಗೆ ಬರುವುದು 70. ಅಂದರೆ ಮೆಂಬ್ರೇನ್ ಚೆನ್ನಾಗಿಯೇ ಇದೆ. ಮಣ್ಣು ತುಂಬಿದ್ದು ಮೊದಲ ಸೆಡಿಮೆಂಟ್ ಫಿಲ್ಟರಿನಲ್ಲಿ. ಅದನ್ನು ಬದಲಿಸಿ, ಹಳೆಯದನ್ನು ನಮ್ಮ ಕೈಗೇ ಕೊಟ್ಟು, ಬಿಲ್ ಹಾಕಿ 450 ರೂಪಾಯಿ ತೆಗೆದುಕೊಂಡರು. ಈಗ ನೀರು ಮೊದಲಿನ ಹಾಗೆ ಬರುತ್ತಿದೆ.

ನೀವೂ ಹೀಗೇ ಕೇಳಿ, ಸುಮ್ನೆ ದುಡ್ಡು ಕೊಡಬೇಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಸಾಕು. ಹೊಸದಾಗಿ ಆರ್‌ಓ ಕೊಳ್ಳುವವರು ಮೊದಲು ಮನೆಯ ನೀರನ್ನು ಅಳೆಸಿ ನೋಡಿ. ಬೋರ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇರುವ ಜಗಳೂರು ಕಡೆಯವರಿಗೆ ಇನ್ನೊಂದು ಮಾತು: ಟಿಡಿಎಸ್ ಮೀಟರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ, ಅದಕ್ಕೆ ನೀರನ್ನು ಲ್ಯಾಬಿಗೇ ಕೊಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮುಂದೂಡಬೇಡಿ.