ಜಿಡ್ಡು ನೀರಿನ ತೊಟ್ಟಿಗೆ ಯಾವ ಹೆಪ್ಪು: ಪುಡಿಯೋ, ಸಗಣಿಯೋ, ಹರಳು ಸ್ಲಡ್ಜೋ?

ಪೀಣ್ಯದ ನಮ್ಮ ಕ್ಯಾಂಟೀನಿನ ಜಿಡ್ಡು ನೀರಿಗೆಂದು ಕಟ್ಟಿಸಿದ ಗಾಳಿಯಾಡದ, ಒಲೆಗೆ ಅನಿಲ ಕೊಡುವ ತೊಟ್ಟಿಗೆ ಮೂರು ಬಗೆಯ ಹೆಪ್ಪನ್ನು (ಕೊಳೆಸುವ ಸೂಕ್ಷ್ಮಜೀವಿಗಳ ಮೊದಲ ಕಂತನ್ನು) ಒಂದಾದ ಮೇಲೊಂದರಂತೆ ಹಾಕಿ ನೋಡಿದ್ದೇನೆ. ಬಿಯರ್ ಕಾರ್ಖಾನೆಯೊಂದರ ಶುದ್ಧೀಕರಣ ಘಟಕದಿಂದ ತರಿಸಿದ ಹರಳು ಸ್ಲಡ್ಜೇ (ಸೂಕ್ಷ್ಮಜೀವಿಗಳು ಕಾಳುಗಟ್ಟಿದ ಕೆಸರು) ನನ್ನ ಆಯ್ಕೆ. ಮುಂದೆ ಬೇಕಾದರೂ ಅದನ್ನೇ ತರಿಸುತ್ತೇನೆ.

ಮೊದಲು ಕೊಂಡದ್ದು ಡಬ್ಬದಲ್ಲಿ ಬರುವ ಬ್ಯಾಕ್ಟೀರಿಯಾ ಪುಡಿ. ಹತ್ತನೆಯ ದಿನ ಮುಚ್ಚಳ ತೆಗೆದಾಗ ಕೆಟ್ಟ ಬೆಣ್ಣೆಯ ವಾಸನೆ ಮುಖಕ್ಕೆ ರಾಚಿತು, ಪಿಎಚ್ ಕಾಗದ 5.5 ತೋರಿಸಿತು, ಒಲೆಯಂತೂ ಹೊತ್ತಿಕೊಳ್ಳಲೇ ಇಲ್ಲ. ಸುಣ್ಣದ ತಿಳಿ ಸುರಿದರೆ ಎರಡು ದಿನ ಪಿಎಚ್ ಏರುತ್ತಿತ್ತು, ಮೂರನೆಯ ದಿನ ಮತ್ತೆ ಹುಳಿ. ಹೀಗೆಯೇ ಒಂದು ತಿಂಗಳು ಕಳೆಯಿತು.

ಡಬ್ಬದ ಮೇಲೆ ನಮೂದಾಗಿದ್ದವೆಲ್ಲ ಬ್ಯಾಸಿಲಸ್ ಜಾತಿಯವು. ಅವು ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸಿಕೊಡುತ್ತವೆ. ಅಲ್ಲಿಂದ ಮುಂದಿನ ಕೆಲಸ ಬೇರೆಯವರದು. ಬ್ಯುಟಿರಿಕ್ ಆಮ್ಲವನ್ನು ಸಿಂಟ್ರೊಫೊಮೊನಾಸ್, ಪ್ರೊಪಿಯೊನಿಕ್ ಆಮ್ಲವನ್ನು ಸಿಂಟ್ರೊಫೊಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲ ಹಾಗೂ ಹೈಡ್ರೋಜನ್ ಆಗಿ ಒಡೆಯುತ್ತವೆಯಾದರೂ, ಸುತ್ತಲಿನ ಹೈಡ್ರೋಜನ್ನಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 10,000ದಲ್ಲಿ ಒಂದು ಪಾಲಿಗಿಂತ ಕೆಳಗಿದ್ದರೆ ಮಾತ್ರ ಆ ಕೆಲಸದಿಂದ ಅವುಗಳಿಗೆ ಶಕ್ತಿ ದಕ್ಕುತ್ತದೆ. ಆದ್ದರಿಂದ ಹೈಡ್ರೋಜನ್ನನ್ನು ಹುಟ್ಟಿದಂತೆಲ್ಲ ಬಳಸಿ, ಒಲೆಯಲ್ಲಿ ಉರಿಯುವ ಮಿಥೇನ್ ಮಾಡುವ ಆರ್ಕಿಯಾಗಳು (ಬ್ಯಾಕ್ಟೀರಿಯಾಗಳಲ್ಲದ ಬೇರೊಂದು ಗುಂಪಿನ ಸೂಕ್ಷ್ಮಜೀವಿಗಳು) ಪಕ್ಕದಲ್ಲೇ ಇರಬೇಕು. ನಮ್ಮ ತೊಟ್ಟಿಯಲ್ಲಿ ಆ ನೆರೆಯವರೇ ಇರಲಿಲ್ಲ. ಸುಣ್ಣ ಹುಳಿಯನ್ನು ತಣಿಸಿತೇ ಹೊರತು ಅವರನ್ನು ತಂದುಕೊಡಲಿಲ್ಲ.

ಸಗಣಿ ಬಗ್ಗಡದಲ್ಲಿ ಇಬ್ಬರೂ ಇರುತ್ತಾರೆ, ಖರ್ಚೂ ಕಡಿಮೆ. ಆದರೆ ಡಿಸೆಂಬರಿನ ಚಳಿಯಲ್ಲಿ ಶುರುಮಾಡಿದ್ದರಿಂದ ಒಲೆ ಹೊತ್ತಲು ಎರಡೂವರೆ ತಿಂಗಳು ಹಿಡಿಯಿತು, ಹುಲ್ಲಿನ ಚೂರು ಮೇಲೆ ಕೆನೆಗಟ್ಟಿತು.

ಹರಳು ಸ್ಲಡ್ಜ್ ರಾಗಿಯಿಂದ ಸಾಸಿವೆಯವರೆಗಿನ ಗಾತ್ರದ ಕಪ್ಪು ಕಾಳುಗಳಂತಿರುತ್ತದೆ. ಲೋಟದ ನೀರಿಗೆ ಹಾಕಿದರೆ ನೇರವಾಗಿ ತಳ ಸೇರುತ್ತದೆ. 1970ರ ದಶಕದಲ್ಲಿ ನೆದರ್‌ಲೆಂಡಿನ ವಿಜ್ಞಾನಿ ಲೆಟಿಂಗಾ ರೂಪಿಸಿದ, ನೀರು ಕೆಳಗಿನಿಂದ ಮೇಲಕ್ಕೆ ಹರಿಯುವ ತೊಟ್ಟಿಗಳಲ್ಲಿ ಬೆಳೆಯುವುದು ಇದೇ. ಆಮ್ಲ ಒಡೆಯುವವರೂ ಹೈಡ್ರೋಜನ್ ಬಳಸುವವರೂ ಒಂದೇ ಕಾಳಿನೊಳಗೆ ಒತ್ತೊತ್ತಾಗಿ ಕೂತಿರುವುದರಿಂದ ನಮ್ಮಲ್ಲಿ ಹನ್ನೆರಡನೆಯ ದಿನಕ್ಕೇ ನೀಲಿ ಜ್ವಾಲೆ ಬಂತು. ಜಿಡ್ಡು ಹೆಚ್ಚಾದರೆ ಕಾಳಿಗೆ ಅಂಟಿ, ಅದು ತೇಲಿ ಹೊರಗೆ ಹೋಗುತ್ತದೆ. ಆದ್ದರಿಂದ ತೊಟ್ಟಿಗೆ ಮುಂಚೆ ಜಿಡ್ಡು ತಡೆಯುವ ಗುಂಡಿ ಬೇಕೇ ಬೇಕು.

ಟ್ಯಾಂಕರಿನ ಬಾಡಿಗೆ ಎರಡು ಡಬ್ಬ ಪುಡಿಯ ಬೆಲೆಗೆ ಸಮವಾಯಿತು. ವಾರಕ್ಕೆರಡು ಸಲ ಮಾತ್ರ ತೊಟ್ಟಿ ನೋಡುವ ನನಗೆ ಅದು ಹೊರೆಯೆನಿಸಲಿಲ್ಲ. ಅಷ್ಟು ಹಣವಿಲ್ಲದವರು ಸಗಣಿಯನ್ನೇ ಸೋಸಿ, ಮಾರ್ಚಿನ ಬಿಸಿಲಿನಲ್ಲಿ ಹಾಕಿ, ಮೊದಲ ತಿಂಗಳು ಜಿಡ್ಡು ನೀರನ್ನು ಬಕೆಟ್ ಲೆಕ್ಕದಲ್ಲಷ್ಟೇ ಬಿಡಲಿ.