ಲೇಸರ್ ಗೆರೆ ನಂಬಿ ಟೈಲ್ಸ್ ಹಾಕಿಸುವ ಮುಂಚೆ ಒಮ್ಮೆ ನೀರಿನ ಪೈಪು ಹಿಡಿಸಿ

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಹಾಲ್‌ಗೆ ಹಾಕಿದ್ದ 72 ಟೈಲ್ಸ್‌ಗಳನ್ನೂ ಒಡೆದು ತೆಗೆಸಬೇಕಾಯಿತು. ಟೈಲ್ಸ್ ಚೆನ್ನಾಗಿಯೇ ಇದ್ದವು, ಮಟ್ಟ ತಪ್ಪಿತ್ತು.

ಹಾಸನದ ಹೊರಗೆ ನಮ್ಮದು 30-40 ಸೈಟು. ಪಾಯದಿಂದ ಮೋಲ್ಡ್‌ವರೆಗೆ ಕೆಲಸ ಮಾಡಿದವರು ವಯಸ್ಸಾದ ಮೇಸ್ತ್ರಿ. ಅವರ ಹತ್ತಿರ ತೂಕದ ಗುಂಡು, ದಾರ, ರಸಮಟ್ಟ, ಹೆಗಲಿಗೆ ಸುತ್ತಿಕೊಂಡ ನೀರಿನ ಪೈಪು ಬಿಟ್ಟರೆ ಬೇರೇನೂ ಇರಲಿಲ್ಲ. ಒಳಗಿನ ನೀರು ಕಾಣುವ ಈ ಪೈಪಿಗೆ ನೀರು ತುಂಬಿ ಹಿಡಿದರೆ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಮಟ್ಟ ನೋಡುವುದು ಹಾಗೆ. ಟೈಲ್ಸ್‌ಗೆ ಬೇರೆ ಹುಡುಗರು ಬಂದರು. ಮಟ್ಟದ ಗೆರೆ ಬೀಳಿಸುವ ಲೇಸರ್ ಯಂತ್ರ ಇಟ್ಟರು, ಎರಡೇ ನಿಮಿಷಕ್ಕೆ ಗೋಡೆ ಸುತ್ತ ಹಸಿರು ಗೆರೆ. "ಒಂದ್ಸಲ ಪೈಪು ಹಿಡಿದು ನೋಡೋಣ ಸಾರ್" ಅಂದರು ಮೇಸ್ತ್ರಿ. ಟೈಮ್ ಜಾಸ್ತಿ ಆಗುತ್ತದೆ ಅಂತ ನಾನೇ ಬೇಡ ಅಂದೆ.

ಗೃಹಪ್ರವೇಶಕ್ಕೆ ಮುಂಚೆ ನೆಲ ತೊಳೆದಾಗ ನೀರೆಲ್ಲ ದೇವರ ಕೋಣೆ ಪಕ್ಕದ ಮೂಲೆಗೆ ಹೋಗಿ ನಿಂತಿತು. ಮೇಸ್ತ್ರಿಗೆ ಫೋನ್ ಮಾಡಿ ಕರೆಸಿದೆ. ಅವರು ಪೈಪಿಗೆ ನೀರು ತುಂಬಿ, ಚಿಟಿಕೆ ಕುಂಕುಮ ಬೆರೆಸಿ, ಪೈಪಿನ ಉದ್ದಕ್ಕೂ ಬೆರಳಲ್ಲಿ ತಟ್ಟುತ್ತಾ ಗುಳ್ಳೆಗಳನ್ನು ಹೊರಗೆ ಓಡಿಸಿದರು. ಒಂದು ಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದಂತೆ. ಆಮೇಲೆ ಎರಡೂ ತುದಿಯಲ್ಲಿ ಗುರುತು ಹಾಕಿ, ಅಲ್ಲಿಂದ ನೆಲಕ್ಕೆ ಟೇಪು ಹಿಡಿದರು. 24 ಅಡಿಗೆ ಒಂದು ಇಂಚು ಇಳಿಜಾರು.

ವಿಚಾರಿಸಿದರೆ, ಹಿಂದಿನ ವಾರ ಆ ಲೇಸರ್ ಸಾರುವೆಯಿಂದ ಕೆಳಗೆ ಬಿದ್ದಿತ್ತು. ಅದರೊಳಗೂ ತೂಗಾಡುವ ಒಂದು ಗುಂಡೇ ಇರುವುದು, ಗೆರೆಯನ್ನು ಮಟ್ಟಕ್ಕೆ ತರುವುದು ಅದೇ. ಯಂತ್ರ ತೀರಾ ಓರೆಯಾಗಿ ಕೂತಿದ್ದರೆ ಗೆರೆ ಮಿನುಗಿ ಎಚ್ಚರಿಸುತ್ತದೆ. ಬಿದ್ದು ಒಳಗಿನ ಹೊಂದಾಣಿಕೆ ಕೆಟ್ಟಿದ್ದರೆ ಮಿನುಗುವುದಿಲ್ಲ. ಸೊಟ್ಟ ಗೆರೆಯೇ ಸ್ಥಿರವಾಗಿ ನಿಂತಿರುತ್ತದೆ, ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಲೇಸರ್ ಬೇಡ ಅನ್ನುತ್ತಿಲ್ಲ. ಸರಿ ಇರುವ ಯಂತ್ರ 10 ಮೀಟರಿಗೆ ಸುಮಾರು 3 ಮಿ.ಮೀ. ಒಳಗೇ ಇರುತ್ತದೆ, ಫಾಲ್ಸ್ ಸೀಲಿಂಗ್‌ಗೆಲ್ಲ ಅದೇ ಸಲೀಸು. ಆದರೆ ಕೆಲಸ ಶುರುವಾಗುವ ದಿನ ನೀವೇ ಎದುರಿಗೆ ನಿಂತು, ಕೋಣೆಯ ಎರಡು ತುದಿಗೆ ಪೈಪಿನಿಂದ ಗುರುತು ಹಾಕಿಸಿ, ಲೇಸರ್ ಗೆರೆ ಎರಡರ ಮೇಲೂ ಬೀಳುತ್ತದಾ ನೋಡಿ. ಪೈಪು ಇಲ್ಲವಾ? ದೂರದ ಗೋಡೆ ಮೇಲೆ ಗೆರೆ ಬಿದ್ದಲ್ಲಿ ಪೆನ್ಸಿಲ್ ಗುರುತು ಹಾಕಿ, ಯಂತ್ರವನ್ನು ನಿಂತಲ್ಲೇ ನಿಧಾನಕ್ಕೆ ತಿರುಗಿಸಿ. ಗೆರೆ ಆ ಗುರುತಿನಿಂದ ಮೇಲಕ್ಕೋ ಕೆಳಕ್ಕೋ ಜರುಗಿದರೆ ಆ ಯಂತ್ರ ವಾಪಸ್ ಕಳಿಸಿ. ಹತ್ತು ನಿಮಿಷದ ಕೆಲಸ ಅಷ್ಟೇ.

ಹುಡುಗರು ಕೂಲಿ ಬಿಟ್ಟುಕೊಟ್ಟರು. ಟೈಲ್ಸ್, ಸಿಮೆಂಟು, ಒಡೆಸಿದ ಖರ್ಚು ಎಲ್ಲ ನಮ್ಮ ತಲೆ ಮೇಲೆಯೇ ಬಂತು. ಅಂಗಡಿಯಲ್ಲಿ ಅದೇ ಬ್ಯಾಚ್ ಮುಗಿದಿತ್ತು. ಹಾಗಾಗಿ ಡಬ್ಬಿ ಮೇಲಿನ ಬ್ಯಾಚ್ ನಂಬರ್ ಬರೆದಿಟ್ಟುಕೊಂಡು, ಐದಾರು ಟೈಲ್ಸ್ ಜಾಸ್ತಿಯೇ ತಂದಿಡಿ. ನಮ್ಮಲ್ಲಿ ಸಂಜೆ ಬಿಸಿಲು ಒಳಗೆ ಬಿದ್ದಾಗ ಹಾಲ್ ಒಂದು ಬಣ್ಣ, ಊಟದ ಕೋಣೆ ಇನ್ನೊಂದು ಬಣ್ಣ ಕಾಣುತ್ತದೆ.